ನೂರಾ ಅರವತ್ತೆಂಟು ಮೀಟರ್

"ಕೋಲು ನೆಟ್ಟಗೆ ಹಿಡಿಯೇ, ಮುಂಡೆ. ಗಂಡನ ಜೊತೆ ಸೊಂಟಾನೂ ಮಣ್ಣಿಗೆ ಹಾಕ್ಬಿಟ್ಯಾ?"

ಸರ್ವೇಯರ್ ಸಾಲುಮನೆಯ ಆ ತುದಿಯಿಂದ ಕೂಗಿದ. ಮೂರು ಕಾಲಿನ ದುರ್ಬೀನಿನ ಹಿಂದೆ ಅವನ ಟೊಪ್ಪಿಗೆಯಷ್ಟೇ ಕಾಣುತ್ತಿತ್ತು. ಈ ತುದಿಯಲ್ಲಿ, ತನ್ನದೇ ಮನೆಯ ಗೋಡೆಗೆ ಒತ್ತಿ ನಿಂತು, ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದಿದ್ದವಳು ಅದನ್ನು ಅಲುಗಿಸಲಿಲ್ಲ. ಕೋಲು ನೆಟ್ಟಗೇ ಇತ್ತು. ಹನ್ನೊಂದು ವರ್ಷ ಬಿಸಿಲಲ್ಲಿ ಕೋಲು ಹಿಡಿದವಳಿಗೆ ಅದು ಯಾವಾಗ ನೆಟ್ಟಗಿದೆ, ಯಾವಾಗ ವಾಲಿದೆ ಅನ್ನುವುದನ್ನು ಇನ್ನೊಬ್ಬರು ಹೇಳಬೇಕಿರಲಿಲ್ಲ. ಆದರೆ ಸರ್ವೇಯರ್ ಪಕ್ಕದಲ್ಲಿ ಕಲ್ಲುಕ್ವಾರಿಯ ಮ್ಯಾನೇಜರ್ ಕೊಡೆ ಹಿಡಿದು ನಿಂತಿದ್ದ. ದೊಡ್ಡವರ ಎದುರು ಸರ್ವೇಯರ್‌ಗೆ ಯಾರನ್ನಾದರೂ ಬಯ್ಯಲೇಬೇಕಿತ್ತು. ಬಯ್ಯಲು ಅವಳಷ್ಟು ಸಸಾರದವರು ಬೇರೆ ಯಾರಿದ್ದರು?

ಸಾಲುಮನೆಯವರಿಗೆ ಅವಳು ಕೋಲಕ್ಕ. ಗಂಡ ಅದೇ ಕ್ವಾರಿಯಲ್ಲಿ ಕಲ್ಲುಪುಡಿ ಕುಡಿದು ಕುಡಿದು, ಕೊನೆಗೆ ಕೂತಲ್ಲಿಂದ ಏಳಲಾರದೆ, ಕೂತೇ ಪ್ರಾಣ ಬಿಟ್ಟಿದ್ದ. ಆಮೇಲೆ ಅವಳ ಜೊತೆಗಿದ್ದವರು ನಾದಿನಿ, ನಾದಿನಿಯ ಗಂಡ. ನಾದಿನಿ ಜಲ್ಲಿ ಒಡೆಯುವವಳು. ಅವಳ ಗಂಡನಿಗೆ ಬಂಡೆಗೆ ತೂತು ಕೊರೆಯುವ ಕೆಲಸ. ಆ ತೂತಿಗೇ ಮದ್ದು ತುಂಬಿ ಸಿಡಿಸುವುದು. ಅದಕ್ಕೇ ಅವನಿಗೆ ಬೈರಿಗೆ ಅಂತ ಹೆಸರು ಬಿದ್ದಿತ್ತು.

ಅವತ್ತು ಅಳೆಯುತ್ತಿದ್ದದ್ದು ಸಾಲುಮನೆಗೂ ಎದುರಿನ ಬಂಡೆಗೂ ಇರುವ ದೂರವನ್ನು. ನಡುವೆ ಹಳೆಯ ಕ್ವಾರಿಯ ಗುಂಡಿ. ನೀರು ತುಂಬಿ, ಪಾಚಿ ಕಟ್ಟಿ, ಅದರ ಆಳ ಮುಳುಗಿದವರಿಗಷ್ಟೇ ಗೊತ್ತಿತ್ತು. ಟೇಪು ಹಿಡಿದು ನೀರಿನ ಮೇಲೆ ನಡೆಯುವಂತಿಲ್ಲ. ಹಾಗಾಗಿ ಈಚೆ ದಡದಲ್ಲಿ, ಸಾಲುಮನೆಯ ಉದ್ದಕ್ಕೆ, ಒಂದು ಗೆರೆ ಅಳೆಯಬೇಕು. ಗೆರೆಯ ಎರಡು ತುದಿಯಲ್ಲೂ ದುರ್ಬೀನು ನಿಲ್ಲಿಸಿ, ಬಂಡೆಯ ಮೇಲಿನ ಸುಣ್ಣದ ಗುರುತಿಗೆ ಕೋನ ಹಿಡಿಯಬೇಕು. ಮಿಕ್ಕಿದ್ದು ಲೆಕ್ಕ.

ಸರ್ವೇಯರ್‌ಗೆ ಕೋನವನ್ನು ಗಟ್ಟಿಯಾಗಿ ಹೇಳಿಕೊಂಡು ಬರೆಯುವ ಚಾಳಿ. ಆ ತುದಿಯಲ್ಲಿ "ನಲವತ್ತೆಂಟು" ಅಂದ. ಆಮೇಲೆ ದುರ್ಬೀನು ಈ ತುದಿಗೆ ಬಂತು, ಕೋಲಿನವಳು ಆ ತುದಿಗೆ ಹೋದಳು. ಇಲ್ಲಿ "ನೂರು" ಅಂದ. ಕೊನೆಗೆ ಮೂವತ್ತು ಮೀಟರಿನ ಟೇಪು ಬಿಚ್ಚಿದರು. ಒಂದು ತುದಿ ಅವನ ಕೈಯಲ್ಲಿ, ಒಂದು ತುದಿ ಅವಳ ಕೈಯಲ್ಲಿ. ನಾಲ್ಕು ಸಲ ಹಾಸಿದರು. ನಾಲ್ಕನೆಯ ಸಲ ಟೇಪು ಸರಿಯಾಗಿ ಅವಳ ಮನೆಯ ಗೋಡೆಗೆ ಮುಟ್ಟಿತು.

"ಮುನ್ನೂರು ದಾಟಿದ್ರೆ ಮಾತ್ರ ದೊಡ್ಡ ಮದ್ದಿಗೆ ಪರವಾನಗಿ, ಗೊತ್ತಲ್ಲ" ಅಂದ ಮ್ಯಾನೇಜರ್.

"ದಾಟುತ್ತೆ ಬಿಡಿ ಸಾರ್. ದಾಟದೆ ಎಲ್ಲಿ ಹೋಗುತ್ತೆ" ಅಂತ ಸರ್ವೇಯರ್ ನಕ್ಕ.

ಈಗಿನ ಸರ್ವೇಯರ್‌ಗಿಂತ ಮುಂಚೆ ಒಬ್ಬ ಹಳೇ ಸಾಹೇಬ ಇದ್ದ. ವಯಸ್ಸಾಗಿ ಕಣ್ಣು ಮಂಜಾಗಿ, ತ್ರಿಕೋನಮಿತಿಯ ಸೈನ್ ಕೋಷ್ಟಕದ ಅಂಕಿಗಳು ಅವನಿಗೆ ಇರುವೆ ಸಾಲಿನಂತೆ ಕಾಣುತ್ತಿದ್ದವು. ಏಳನೇ ತರಗತಿವರೆಗೆ ಓದಿದ್ದ ಕೋಲಕ್ಕ ಅವನಿಗೆ ಅಂಕಿಗಳನ್ನು ಓದಿ ಹೇಳುತ್ತಿದ್ದಳು. ಐದು ವರ್ಷ ಓದಿ ಹೇಳಿದ ಮೇಲೆ ಪುಸ್ತಕ ತೆರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ಒಂದು ದಿನ ಅವಳೇ ಕೇಳಿದ್ದಳು, ಇದೆಲ್ಲ ಯಾಕೆ ಸಾಹೇಬ್ರೇ ಅಂತ. ಮುದುಕ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ್ದ.

"ಒಂದು ಮೂಲೆ ತೊಂಬತ್ತು ಇದ್ಬಿಟ್ರೆ ಅದು ಸುಖವಂತರ ತ್ರಿಕೋನ ಕಣಮ್ಮ. ನಮ್ಮ ನೆಲದಲ್ಲಿ ಅಂಥದ್ದು ಎಲ್ಲಿ ಸಿಗುತ್ತೆ? ಇದನ್ನ ನೋಡು, ಮೂರೂ ಸೊಟ್ಟ. ಆದ್ರೂ ಯಾವ ಬಾಹುವನ್ನೇ ತಗೋ, ಅದರ ಎದುರಿನ ಮೂಲೆಯ ಸೈನ್‌ನಿಂದ ಭಾಗಿಸು, ಮೂರಕ್ಕೂ ಒಂದೇ ಉತ್ತರ ಬರುತ್ತೆ. ಎರಡು ಮೂಲೆ, ಒಂದು ಬಾಹು ಸಿಕ್ಕಿದ್ರೆ ಸಾಕು. ಹೋಗಲಾರದ ಕಡೆಗೂ ಹೋಗಿ ಬಂದ ಹಾಗೆ."

ಮಧ್ಯಾಹ್ನದ ಬಿಡುವಿನಲ್ಲಿ ಅವಳು ಹರಿದ ಸಿಮೆಂಟ್ ಚೀಲದ ಕಾಗದದ ಮೇಲೆ ಇದ್ದಿಲ ಚೂರಿನಿಂದ ಬರೆದಳು. ನಲವತ್ತೆಂಟು, ನೂರು. ನೂರೆಂಬತ್ತರಲ್ಲಿ ಅವೆರಡನ್ನೂ ಕಳೆದರೆ ಬಂಡೆಯ ಹತ್ತಿರದ ಮೂಲೆ ಮೂವತ್ತೆರಡು. ನೂರಿಪ್ಪತ್ತನ್ನು ನಲವತ್ತೆಂಟರ ಸೈನ್‌ನಿಂದ ಗುಣಿಸಿ, ಮೂವತ್ತೆರಡರ ಸೈನ್‌ನಿಂದ ಭಾಗಿಸಿದಳು. ಎರಡು ಸಲ ಮಾಡಿದಳು. ಎರಡು ಸಲವೂ ನೂರಾ ಅರವತ್ತೆಂಟೇ ಬಂತು.

"ಏನತ್ತಿಗೆ, ಕಾಗದ ನೋಡಿ ಮುಖ ಹಾಗೆ ಮಾಡಿದ್ದೀಯ? ಯಾರಾದ್ರೂ ಪ್ರೇಮಪತ್ರ ಬರೆದ್ರಾ?" ಅಂತ ನಾದಿನಿ ಕೈಯ ಬಟ್ಟೆ ಬಿಚ್ಚುತ್ತಾ ಪಕ್ಕದಲ್ಲಿ ಕೂತಳು.

"ಮುನ್ನೂರು ಇಲ್ಲ ಕಣೇ. ಅದರ ಅರ್ಧ ಚಿಲ್ಲರೆ."

"ಒಳ್ಳೇದಾಯ್ತು ಬಿಡು. ಹಂಗಾದ್ರೆ ದೊಡ್ಡ ಮದ್ದು ಹೊಡೆಯಲ್ಲ. ಉಗುಳು ಬೀಳೋ ದೂರದಲ್ಲಿ ನಾವಿದ್ದೀವಿ ಅಂತ ಅವರಿಗೂ ಗೊತ್ತಾಯ್ತು."

ಹತ್ತು ದಿನದ ಮೇಲೆ ಕ್ವಾರಿ ಕಚೇರಿಯ ಬಾಗಿಲಿಗೆ ಪರವಾನಗಿಯ ಕಾಗದ ಅಂಟಿಸಿದರು. ಅದರಲ್ಲಿ ತ್ರಿಕೋನದ ಚಿತ್ರವೂ ಇತ್ತು. ಒಂದು ಮೂಲೆಯಲ್ಲಿ ನಲವತ್ತೆಂಟು, ಇನ್ನೊಂದರಲ್ಲಿ ನೂರು. ಬುಡದ ಗೆರೆಯ ಕೆಳಗೆ ಇನ್ನೂರಿಪ್ಪತ್ತು. ಅತಿ ಹತ್ತಿರದ ಮನೆಗೆ ದೂರ ಮುನ್ನೂರಾ ಎಂಟು ಮೀಟರ್.

ಎಲ್ಲವೂ ನಿಜ. ಒಂದು ಅಂಕಿಯನ್ನೂ, ಅದರಿಂದ ಹುಟ್ಟಿದ ದೂರವನ್ನೂ ಬಿಟ್ಟು.

ಮಾರನೆಯ ದಿನ ಅವಳು ಅಳತೆ ಕಚೇರಿಯ ಬಾಗಿಲಲ್ಲಿ ನಿಂತಳು. ಒಳಗೆ ಸರ್ವೇಯರ್ ಇನ್ನಿಬ್ಬರ ಜೊತೆ ಚಹಾ ಕುಡಿಯುತ್ತಿದ್ದ. ಬಾಗಿಲ ಪಕ್ಕ ಕೋಲಿಡುವ ಜಾಗ ಬಿಟ್ಟು ಮುಂದೆ ಬರುವ ರೂಢಿ ಅವಳಿಗಿರಲಿಲ್ಲ. ಅಲ್ಲಿಂದಲೇ ಹೇಳಿದಳು.

"ಸಾಹೇಬ್ರೇ, ಕೈತಪ್ಪಿನಿಂದ ಒಂದು ಅಂಕಿ ಬೇರೆ ಬಿದ್ದಿದೆ. ಬುಡದ ಗೆರೆ ನೂರಿಪ್ಪತ್ತು. ಒಂದು ಇರೋ ಕಡೆ ಎರಡು ಆಗಿದೆ."

ಅವನಿಗೆ ತಪ್ಪಿಸಿಕೊಳ್ಳಲು ದಾರಿಯನ್ನೂ ಅವಳೇ ಮಾಡಿಕೊಟ್ಟಿದ್ದಳು. ಅವನು ಆ ದಾರಿ ಹಿಡಿಯಲಿಲ್ಲ.

"ಕೇಳಿದ್ರೇನ್ರೋ? ಕೋಲು ಹಿಡಿಯೋಳು ನಮಗೆ ಕೋನ ಕಲಿಸೋಕೆ ಬಂದಿದ್ದಾಳೆ." ಕಾಲಮೇಲೆ ಕಾಲು ಹಾಕಿಕೊಂಡ. "ಎಲ್ಲಿ, ಮೂವತ್ತೆರಡರ ಸೈನ್ ಎಷ್ಟು ಹೇಳು ನೋಡೋಣ."

"ಸೊನ್ನೆ ಬಿಂದು ಐದು ಎರಡು ಒಂಬತ್ತು ಒಂಬತ್ತು."

ಒಬ್ಬ ಕೋಷ್ಟಕ ತೆಗೆದು ನೋಡಿದ. ಸರಿಯಾಗಿತ್ತು. ಮುಚ್ಚಿಟ್ಟ.

"ನೂರರದ್ದು?" ಅಂದ ಸರ್ವೇಯರ್. "ಹೇಳು. ಕೋಷ್ಟಕ ತೊಂಬತ್ತಕ್ಕೇ ಮುಗಿಯುತ್ತಲ್ಲ, ಆಮೇಲೆ ಯಾರನ್ನ ಕೇಳ್ತೀಯ?"

"ಯಾರನ್ನೂ ಕೇಳೋದು ಬೇಡ. ನೂರಕ್ಕೆ ಎಂಬತ್ತರದ್ದೇ. ಒಂಬತ್ತು ಎಂಟು ನಾಲ್ಕು ಎಂಟು."

ಸರ್ವೇಯರ್ ಮುಖ ಕೆಂಪೇರಿತು. ಲೋಟ ಕೆಳಗಿಟ್ಟ.

"ಆ ಮುದುಕ ನಿನ್ನನ್ನ ಪೊದೆ ಮರೆಗೆ ಕರ್ಕೊಂಡು ಹೋಗಿ ಕಲಿಸಿದ್ದು ಇದೊಂದೇನಾ, ಇನ್ನೂ ಏನಾದ್ರೂ ಇತ್ತಾ?"

ಒಳಗಿದ್ದವರಿಗೆ ಬೇಕಾಗಿದ್ದದ್ದು ಅದೇ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕೋಷ್ಟಕ ನೋಡಿದವನೂ ನಕ್ಕ. ಸತ್ತ ಮುದುಕನ ನೆನಪೂ ತನ್ನ ಬಾಯಿಂದಾಗಿ ಮೈಲಿಗೆಯಾಯಿತಲ್ಲ ಅಂತ ಅವಳಿಗೆ ಅನ್ನಿಸಿತು.

"ನಾಳೆಯಿಂದ ಕೆಲಸಕ್ಕೆ ಬರಬೇಡ" ಅಂತ ಸರ್ವೇಯರ್ ಚಹಾದ ಲೋಟ ಎತ್ತಿಕೊಂಡ. "ಕೋಲು ಹಿಡಿಯೋಕೆ ಕಲಿತವರು ಬೇಕಿಲ್ಲ. ಒಂದು ಗೂಟ ನೆಟ್ಟರೂ ನಡೆಯುತ್ತೆ."

ಸುದ್ದಿ ಕೇಳಿ ಬೈರಿಗೆ ಉರಿದುಬಿದ್ದ. "ನಿನಗ್ಯಾಕಕ್ಕಾ ಬೇಕಿತ್ತು? ಬಾಯಿಗೆ ಬಂದ ತುತ್ತು ಒದ್ದು ಬಂದ್ಯಲ್ಲ. ದೂರ ಎಷ್ಟಾದ್ರೇನು, ನಾವೇನು ಅಳೆದು ಬದುಕ್ತಿದ್ದೀವಾ?"

ಅವಳು ಜಗಳಕ್ಕೆ ನಿಲ್ಲಲಿಲ್ಲ. ಸಂಜೆ ನಲ್ಲಿಯ ಹತ್ತಿರ ಕೊಡಗಳ ಸಾಲಿನಲ್ಲಿ ಹೆಂಗಸರೆಲ್ಲ ಇದ್ದಾಗ ಸೈನ್, ಕೋನ ಏನನ್ನೂ ಎತ್ತದೆ ಕೇಳಿದಳು.

"ನಮ್ಮ ಸಾಲಲ್ಲಿ ಎಷ್ಟು ಮನೆ?"

"ಇಪ್ಪತ್ನಾಲ್ಕು."

"ಒಂದೊಂದು ಮನೆ ಅಗಲ ಎಷ್ಟು?"

"ಐದು ಮೀಟರ್. ಕಾಲು ಚಾಚಿದ್ರೆ ಗೋಡೆ."

"ಕಾಗದದಲ್ಲಿ ಸಾಲಿನ ಉದ್ದ ಇನ್ನೂರಿಪ್ಪತ್ತು ಅಂತ ಬರೆದಿದ್ದಾರೆ. ಅಂದ್ರೆ ನಲವತ್ನಾಲ್ಕು ಮನೆ ಇರಬೇಕು."

ಮೊದಲು ಲೆಕ್ಕ ಹತ್ತಿದ್ದು ನಾದಿನಿಗೆ. ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಅಯ್ಯೋ ಬೋಳಿಮಕ್ಳಾ, ಇನ್ನಿಪ್ಪತ್ತು ಮನೆ ಎಲ್ಲಿ ನುಂಗಿದ್ರಿ? ಅತ್ತಿಗೆ, ಅದರಲ್ಲಿ ನಂಗೊಂದು ಕೊಡಿಸು. ಕಿಟಕಿ ಇರೋದು ಕೊಡಿಸು. ಇವನ ಗೊರಕೆ ಕೇಳಿ ಕೇಳಿ ಸಾಕಾಗಿದೆ."

ಸಾಲೆಲ್ಲ ನಕ್ಕಿತು. ಆ ವಾರ ಪೂರ್ತಿ ಅದೇ ಮಾತು. ಯಾರಾದರೂ ಕಾಣದೇ ಹೋದರೆ "ಮೂವತ್ತನೇ ಮನೇಲಿ ಇರಬೇಕು ನೋಡು" ಅನ್ನುವರು. ಗಂಡ ಹೆಂಡಿರ ಜಗಳವಾದರೆ "ನಲವತ್ತೆರಡಕ್ಕೆ ಹೋಗಿ ಮಲಗು" ಅನ್ನುವರು. ಇಷ್ಟು ವರ್ಷ ಅವರನ್ನು ಹೆದರಿಸಿದ್ದ ಕಾಗದ ಒಂದು ನಗೆಯಾಟದ ವಸ್ತುವಾಯಿತು. ನಕ್ಕವರಿಗೆ ಧೈರ್ಯ ಬಂತು; ಅರ್ಜಿ ಬರೆದರು. ಇಪ್ಪತ್ನಾಲ್ಕೂ ಮನೆಯವರು ಹೆಬ್ಬೆಟ್ಟು ಒತ್ತಿದರು. ಎಲ್ಲರಿಗಿಂತ ಕೊನೆಗೆ ಬೈರಿಗೆ ಬಂದು, ಯಾರ ಮುಖವನ್ನೂ ನೋಡದೆ ಒತ್ತಿಹೋದ.

ತನಿಖೆಗೆ ಬಂದ ಅಧಿಕಾರಿ ಬಿಳಿಕೂದಲಿನ ಸಮಾಧಾನದ ಮನುಷ್ಯ. ಮ್ಯಾನೇಜರ್ ತಂದ ಕುರ್ಚಿಯಲ್ಲಿ ಕೂರಲಿಲ್ಲ. "ಟೇಪು ತನ್ನಿ" ಅಂದ. "ಆವತ್ತು ಹಿಡಿದವರು ಯಾರು? ನೀವಾ? ಬನ್ನಿ, ಹಿಡಿಯಿರಿ."

ಹನ್ನೊಂದು ವರ್ಷದಲ್ಲಿ ಕಚೇರಿಯವರೊಬ್ಬರು ಅವಳನ್ನು ನೀವು ಅಂದದ್ದು ಅದೇ ಮೊದಲು. ಅವಳು ಟೇಪಿನ ತುದಿ ಹಿಡಿದಳು. ನಾಲ್ಕು ಸಲ ಹಾಸಿದರು. ನೂರಿಪ್ಪತ್ತು. ಅಧಿಕಾರಿ ದುರ್ಬೀನು ನಿಲ್ಲಿಸಿ ಕೋನಗಳನ್ನೂ ತಾನೇ ನೋಡಿದ, ಅಲ್ಲೇ ಲೆಕ್ಕ ಹಾಕಿದ.

"ನೂರಾ ಅರವತ್ತೆಂಟು. ನಿಮ್ಮ ಲೆಕ್ಕ ಸರಿಯಿದೆಯಮ್ಮ. ದಾಖಲೆ ತಿದ್ದಿಸ್ತೀನಿ."

ಮ್ಯಾನೇಜರ್ ಕೊಡೆಯ ಹಿಡಿ ತಿರುಗಿಸುತ್ತಾ ನಿಂತಿದ್ದ. ಸಾಲುಮನೆಯವರು ಅಧಿಕಾರಿಯ ಜೀಪು ಮರೆಯಾಗುವವರೆಗೂ ರಸ್ತೆಯಲ್ಲೇ ನಿಂತಿದ್ದರು. "ನಿನ್ನ ತಲೆ ಕಲ್ಲಲ್ಲ ಅತ್ತಿಗೆ, ರತ್ನ" ಅಂತ ನಾದಿನಿ ಅವಳನ್ನು ತಬ್ಬಿಕೊಂಡಳು.

ಅಧಿಕಾರಿ ಮಾತು ತಪ್ಪಲಿಲ್ಲ. ಮೂರು ವಾರಕ್ಕೆ ತಿದ್ದಿದ ಕಾಗದ ಬಾಗಿಲಿಗೆ ಬಿತ್ತು. ಕೋಲಕ್ಕ ಮೇಲಿನಿಂದ ಓದುತ್ತಾ ಬಂದಳು. ಬುಡದ ಗೆರೆ ನೂರಿಪ್ಪತ್ತು. ಕೋನ ನಲವತ್ತೆಂಟು, ನೂರು, ಮೂವತ್ತೆರಡು. ದೂರ ನೂರಾ ಅರವತ್ತೆಂಟು. ಅದರ ಕೆಳಗೆ, ಹಿಂದೆ 'ವಾಸದ ಮನೆ' ಅಂತ ಇದ್ದ ಸಾಲು ಬದಲಾಗಿತ್ತು.

ಕಟ್ಟಡದ ಉಪಯೋಗ: ಸಾಮಾನು ಕೊಠಡಿ. ಜನವಸತಿ ಇಲ್ಲ.

ಜನವಸತಿ ಇಲ್ಲದಿದ್ದರೆ ಮುನ್ನೂರರ ನಿಯಮವೂ ಇಲ್ಲ. ದೊಡ್ಡ ಮದ್ದಿನ ಪರವಾನಗಿ ಇದ್ದಂತೆಯೇ ಇತ್ತು. ಈಗ ತ್ರಿಕೋನ ಅಣುವಿನಷ್ಟೂ ತಪ್ಪಿರಲಿಲ್ಲ. ಅದರೊಳಗೆ ಮನುಷ್ಯರು ಇರಲಿಲ್ಲ.

"ಏನು ಬರೆದಿದ್ದಾರಕ್ಕಾ?" ಅಂತ ಹಿಂದಿನಿಂದ ಯಾರೋ ಕೇಳಿದರು. ಓದಿ ಹೇಳುವುದು ಇಷ್ಟು ಕಷ್ಟ ಅಂತ ಅವಳಿಗೆ ಗೊತ್ತಿರಲಿಲ್ಲ.

ಅವತ್ತಿನಿಂದ ಕೆಂಪು ಬಾವುಟದವನು ಬರುವುದು ನಿಂತಿತು. ಸಿಡಿತಕ್ಕೆ ಮುಂಚೆ ಸಾಲಿನುದ್ದಕ್ಕೂ ಬಾವುಟ ಹಿಡಿದು ಓಡಾಡಿ ಎಲ್ಲರನ್ನೂ ದಿಬ್ಬದ ಮರೆಗೆ ಕಳಿಸುತ್ತಿದ್ದವನು ಅವನು. ಜಲ್ಲಿ ಯಂತ್ರದ ಗದ್ದಲದಲ್ಲಿ ಸೈರನ್ ಕೇಳುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಾಗ ತಲೆ ಕೆರೆದುಕೊಂಡು ಹೇಳಿದ.

"ನನ್ನನ್ನ ಲಾರಿ ಗೇಟಿಗೆ ಹಾಕಿದ್ದಾರಕ್ಕಾ. ಅಲ್ಲಿ ಜನ ಇಲ್ವಲ್ಲ, ಸಾಮಾನಿಗೆ ಬಾವುಟ ತೋರಿಸ್ತೀಯಾ ಅಂದ್ರು."

ಕೋಲಕ್ಕ ಒಂದು ಹಳೇ ಕೆಂಪು ಸೀರೆ ಹರಿದಳು. ಸಿಡಿಸುವ ಹೊತ್ತು ನಾಲ್ಕು ಗಂಟೆ; ದಿನಾ ಅದಕ್ಕೆ ಹದಿನೈದು ನಿಮಿಷ ಇರುವಾಗ, ತುಂಡು ಬೀಸುತ್ತಾ ಮನೆಮನೆಯ ಬಾಗಿಲು ಬಡಿದಳು. ಮುದುಕರನ್ನು ಕೈಹಿಡಿದು ಎಬ್ಬಿಸಿದಳು. ಕಲ್ಲುಗಳು ಗುಂಡಿ ದಾಟಿ ಅಂಗಳಕ್ಕೆ ಬೀಳತೊಡಗಿದ್ದವು. ಒಂಬತ್ತು ದಿನ ಹೀಗೆ ನಡೆಯಿತು.

ಹತ್ತನೆಯ ದಿನ ಲಾರಿಗಳು ಬೇಗ ಬಂದಿದ್ದವೆಂದು ಎರಡೂವರೆಗೇ ಸಿಡಿಸಿದರು. ಸಾಲಿಗೆ ಯಾರೂ ಹೇಳಲಿಲ್ಲ. ಕೋಲಕ್ಕ ನಲ್ಲಿಯ ಹತ್ತಿರವಿದ್ದಳು. ನಾದಿನಿ ಕೈಬೆರಳು ಜಜ್ಜಿಕೊಂಡು ಅರ್ಧ ದಿನಕ್ಕೇ ಮನೆಗೆ ಬಂದು, ಬೆರಳಿಗೆ ಶಾಖ ಕೊಡಲು ನೀರು ಕಾಯಿಸುತ್ತಿದ್ದಳು. ಭೂಮಿ ಅದುರಿತು. ಕೋಲಕ್ಕ ಕೊಡ ಬಿಟ್ಟು ಓಡಿದಳು. ತಮ್ಮದೇ ಆದ ಕೊನೆಯ ಮನೆಯ ಚಾವಣಿ ತಗಡಿನಲ್ಲಿ ಒಂದೇ ಒಂದು ತೂತು. ಅದರೊಳಗಿಂದ ಬಿಸಿಲು ಕೋಲಿನಂತೆ ನೆಟ್ಟಗೆ ನೆಲಕ್ಕೆ ಇಳಿದಿತ್ತು. ನೀರು ಇನ್ನೂ ಕುದಿಯುತ್ತಿತ್ತು. ನಾದಿನಿ ಒಲೆಯ ಪಕ್ಕ ಮಗ್ಗುಲಾಗಿ ಬಿದ್ದಿದ್ದಳು. ತಲೆಯ ಹತ್ತಿರ ಬಿದ್ದಿದ್ದ ಕಲ್ಲು ಅಂಥಾ ದೊಡ್ಡದೂ ಆಗಿರಲಿಲ್ಲ.

ಬೈರಿಗೆ ಕ್ವಾರಿಯಿಂದ ಓಡಿಬಂದ. ಅವತ್ತಿನ ತೂತುಗಳನ್ನು ಕೊರೆದವರಲ್ಲಿ ಅವನೂ ಒಬ್ಬ. ಹೆಂಡತಿಯನ್ನು ನೋಡಿದ, ಆಮೇಲೆ ಕೋಲಕ್ಕನನ್ನು ನೋಡಿದ.

"ಸುಳ್ಳು ಲೆಕ್ಕ ಇದ್ದಾಗ ಬಾವುಟದವನು ಬರ್ತಿದ್ದ" ಅಂದ.

ಅವಳು ಒಲೆಯ ಮೇಲಿನ ನೀರು ಇಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಇಬ್ಬರನ್ನೂ ಠಾಣೆಗೆ ಕರೆಸಿದರು. ಹೆಣ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿತ್ತು. ಗಂಡನ ಹೆಬ್ಬೆಟ್ಟು, ಮೊದಲು ನೋಡಿದ ಸಾಕ್ಷಿಯ ರುಜು, ಎರಡೂ ಬಿದ್ದರೆ ಕೊಡುತ್ತಾರೆ. ಬೈರಿಗೆ ಆಗಲೇ ಒತ್ತಿ, ಬಾಗಿಲ ಹತ್ತಿರ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕಾರಕೂನ ತುಂಬಿಸಿದ್ದ ಫಾರಂ ಅನ್ನು ಕೋಲಕ್ಕನ ಮುಂದೆ ತಳ್ಳಿದ.

"ರುಜು ಬರುತ್ತಂತಲ್ಲ ನಿನಗೆ. ಹಾಕು."

ಅವಳು ಓದಿದಳು. ಮೃತಳು ಜನವಸತಿ ಇಲ್ಲದ ಸಾಮಾನು ಕೊಠಡಿಯೊಳಗೆ ಅಪ್ಪಣೆಯಿಲ್ಲದೆ ನುಗ್ಗಿದ್ದಾಗ, ತನ್ನದೇ ಅಜಾಗರೂಕತೆಯಿಂದ ಮರಣ ಹೊಂದಿದ್ದಾಳೆ.

"ನುಗ್ಗಿರಲಿಲ್ಲ. ನೀರು ಕಾಯಿಸ್ತಿದ್ದಳು."

"ಏನಾದ್ರೂ ಕಾಯಿಸ್ಲಿ. ದಾಖಲೇಲಿ ಅದು ಸಾಮಾನು ಕೊಠಡಿ."

ಅವಳು ಪೆನ್ನು ತೆಗೆದುಕೊಂಡು ಆ ಮಾತುಗಳ ಮೇಲೆ ಗೆರೆ ಎಳೆದಳು. ಮೇಲೆ ಬರೆದಳು: ಮನೆಯೊಳಗೆ, ನೀರು ಕಾಯಿಸುತ್ತಿದ್ದಾಗ, ಬಂಡೆಯಿಂದ ನೂರಾ ಅರವತ್ತೆಂಟು ಮೀಟರ್ ದೂರದಲ್ಲಿ. ಕೆಳಗೆ ರುಜು ಹಾಕಿದಳು.

ಕಾರಕೂನ ಓದಿ, ಎರಡಾಗಿ ಹರಿದು ಬುಟ್ಟಿಗೆ ಹಾಕಿದ. ಬೈರಿಗೆಯನ್ನು ಕರೆದು ಅದೇ ಮಾತು ತುಂಬಿದ ಹೊಸದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮತ್ತೆ ತಳ್ಳಿದ. ಅವಳು ಮತ್ತೆ ಗೆರೆ ಎಳೆದು, ಮತ್ತೆ ಅದನ್ನೇ ಬರೆದಳು. ಅವನು ಅದನ್ನೂ ಹರಿದ.

"ತಲೆಹರಟೆ ಸೂಳೆ. ಇಲ್ಲೇನು ಕಾಪಿ ಬರೆಯೋಕೆ ಬಂದಿದ್ದೀಯಾ? ಐದು ಗಂಟೆಗೆ ಆ ಕೋಣೆಗೆ ಬೀಗ ಬೀಳುತ್ತೆ. ನಾಳೆ, ನಾಡಿದ್ದು ರಜೆ. ಈ ಸೆಕೆಗೆ ಆಮೇಲೆ ನಿಮಗೆ ಕೊಡೋಕೆ ಏನೂ ಉಳಿದಿರಲ್ಲ."

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಬೈರಿಗೆ ಎದ್ದು ಬಂದು ಮೇಜಿನ ಪಕ್ಕ ನಿಂತ. ಹೆಬ್ಬೆರಳು ಮಸಿಯಿಂದ ಕಪ್ಪಾಗಿತ್ತು.

"ಹಾಕ್ಬಿಡಕ್ಕಾ. ಕೈ ಮುಗೀತೀನಿ. ಅವಳನ್ನ ಮಣ್ಣಿಗೆ ಸೇರಿಸೋಣ. ಏನು ಬರೆದ್ರೂ ಅವಳು ಎದ್ದು ಬರಲ್ಲ."

"ಅವಳು ಕಳ್ಳಿ ಅಲ್ಲ ಕಣಪ್ಪ" ಅಂದಳು ಅವಳು. ಕಾರಕೂನ ತಳ್ಳಿದ ಮೂರನೆಯ ಫಾರಂ ಮೇಲೂ ಅದನ್ನೇ ಬರೆದಳು.

ಮೂರನೆಯದೂ ಬುಟ್ಟಿ ಸೇರಿತು. ಬೈರಿಗೆ ಗೋಡೆಗೆ ತಿರುಗಿ ನಿಂತ, ಅವನ ಬೆನ್ನು ಅಲುಗುತ್ತಿತ್ತು. ಅವನು ಬಯ್ಯುತ್ತಿದ್ದನೋ ಅಳುತ್ತಿದ್ದನೋ, ಬಯ್ಯುತ್ತಿದ್ದರೆ ಯಾರನ್ನೋ. ಕಾರಕೂನ ಆಕಳಿಸಿ, ಡ್ರಾಯರ್ ಎಳೆದು ಇನ್ನೊಂದು ಫಾರಂ ತೆಗೆದು, ಅದೇ ಮಾತು ತುಂಬಿಸಿ ಮೇಜಿನ ಮೇಲಿಟ್ಟ. ಡ್ರಾಯರಿನೊಳಗೆ ಬಿಚ್ಚದ ಕಟ್ಟುಗಳು ಇನ್ನೂ ಇದ್ದವು.

ಅವಳು 'ಸಾಮಾನು ಕೊಠಡಿ' ಅನ್ನುವುದನ್ನು ಹೊಡೆದುಹಾಕಿ, ಪೆನ್ನು ಒತ್ತಿ ಹಿಡಿದು, ಮೇಲೆ ಬರೆದಳು: ಮನೆ.